ಭಾಗ್ಯಾಳ ಎರಡನೆಯ ಕೀಲಿಕೈ

ಭಾಗ್ಯಾ ಮೊದಲ ಸಲ ಯಲ್ಲಕ್ಕನ ಮನೆಗೆ ಬಂದದ್ದು ಒಂದು ಮಂಗಳವಾರ. ಅನಗವಾಡಿಯ ಹೊಳೆದಂಡೆಯಿಂದ ಸ್ವಲ್ಪ ಮೇಲಕ್ಕಿರುವ ಆ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿ, ಹೆಗಲಿಗೆ ಔಷಧಿಯ ಚೀಲ ಹಾಕಿಕೊಂಡು, ಕುರಿಹಟ್ಟಿಯ ಬೇಲಿಯವರೆಗೆ ಬಂದು ನಿಂತಳು. ಒಳಗೆ ಕಾಲಿಡಲಿಲ್ಲ. ಹಟ್ಟಿಯಲ್ಲಿ ಮೂವತ್ತೊಂದು ಕುರಿ ಇದ್ದವು. ಅದರಲ್ಲಿ ಒಂದು ಟಗರು ತಲೆ ಎತ್ತಿ ನೋಡಿದ್ದಕ್ಕೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ತಾನು ಪಶು ಸಖಿ, ಊರೂರು ತಿರುಗಿ ಕುರಿ ಆಡುಗಳಿಗೆ ಜಂತಿನ ಔಷಧಿ ಕುಡಿಸುವುದು ತನ್ನ ಕೆಲಸ ಎಂದು ಅಲ್ಲಿಂದಲೇ ಹೇಳಿದಳು.

ಯಲ್ಲಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕುರಿ ಕಂಡರ ಅಂಜತಿ. ಔಷಧ ಹ್ಯಾಂಗ ಕುಡಸ್ತೀಬೇ?"

"ನೀವು ಹಿಡೀರಿ ಆಯಿ, ನಾ ಕುಡಸ್ತೇನಿ. ಅಂಜಿಕಿ ನಂದು, ಔಷಧ ಕುರೀದು."

ಹಾಗೆಂದವಳು ಹೊತ್ತು ಇಳಿಯುವುದರೊಳಗೆ ಮೂವತ್ತೊಂದಕ್ಕೂ ಕುಡಿಸಿ ಮುಗಿಸಿದಳು. ಸೀರೆಯ ನೆರಿಗೆಗೆಲ್ಲ ಹಿಕ್ಕೆ ಮೆತ್ತಿತ್ತು. ಕೊನೆಯ ಕುರಿಯ ಬಾಯಿ ಬಿಡಿಸುವಾಗ ಅದರ ಕಿವಿ ನೋಡಿ, ಇದಕ್ಕೆ ನಾಯಿ ಕಚ್ಚಿತ್ತೇ ಎಂದು ಕೇಳಿದಳು. ನಾಯಿಯಲ್ಲ, ಅದು ಮನೆಯ ಗುರುತು ಎಂದು ಯಲ್ಲಕ್ಕ ತಿಳಿಸಿ ಹೇಳಿದಳು. ಮರಿಯಾಗಿರುವಾಗಲೇ ಪ್ರತಿ ಮನೆಯವರೂ ತಮ್ಮ ತಮ್ಮ ಗುರುತಿನಂತೆ ಕಿವಿ ಕೊಯ್ಯುತ್ತಾರೆ. ಎಡಗಿವಿಯ ಅಂಚಿಗೆ ಚೂರಿಯಿಂದ ಕೊಯ್ದ ಒಂದು ಕಚ್ಚು ಇದ್ದರೆ ಅದು ತನ್ನ ಗಂಡನ ಮನೆಯದು. ಅಗೋ, ಆ ಮೂಲೆಯಲ್ಲಿ ನಿಂತ ಬಿಳಿ ಕುರಿಗೆ ಬಲಗಿವಿಯಲ್ಲಿ ತೂತು ಇದೆ, ಅದು ಗಿರಿಮಲ್ಲಪ್ಪನ ಮನೆಯದು, ಮೇಯುವಾಗ ಸೇರಿಕೊಂಡು ಬಂದಿದೆ, ನಾಳೆ ಕಳಿಸಬೇಕು. ಇಂಥ ಎಷ್ಟು ಮನೆಯ ಗುರುತು ಗೊತ್ತು ಎಂದು ಭಾಗ್ಯಾ ಕೇಳಿದಳು. ಯಲ್ಲಕ್ಕ ಹೊಳೆಯ ಆಚೆ ದಂಡೆಯಿಂದ ಎಣಿಸುತ್ತ, ಬೀಳಗಿ ದಾಟಿ, ಮುಧೋಳದ ಕಡೆಗೆ ರನ್ನ ಬೆಳಗಲಿಯವರೆಗೆ ಬಂದು, ನೂರಾ ಹದಿನೆಂಟು ಎಂದಳು. ಭಾಗ್ಯಾ ಚೀಲಕ್ಕೆ ಕೈ ಹಾಕಿ ನೋಟಬುಕ್ಕು ತೆಗೆದಳು.

ಭಾಗ್ಯಾ ಜಮಖಂಡಿಯವಳು. ಅವಳ ತಂದೆ ಹೈಸ್ಕೂಲಿನಲ್ಲಿ ಜವಾನ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಎಲ್ಲರೂ ಪಗಾರದ ಮೇಲೆ ಬದುಕಿದವರು, ಕುರಿ ಎಂಬುದನ್ನು ದಾರಿಯಲ್ಲಿ ಕಂಡದ್ದೇ ಹೊರತು ಮುಟ್ಟಿದವರಲ್ಲ. ಬಾಡಗಂಡಿಗೆ ಮದುವೆಯಾಗಿ ಬಂದಳು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಕಬ್ಬು ನುರಿಸುವ ತಿಂಗಳುಗಳಲ್ಲಿ ಅವನು ಮನೆಗೆ ಬರುವುದೇ ನಿದ್ದೆ ಮಾಡಲು. ಸುಮ್ಮನೆ ಕೂಡ್ರಲಾರದೆ ಈ ಕೆಲಸ ಹಿಡಿದಳು. ಮೊದಲ ವಾರ ಆಡು ಗುದ್ದಿ ಮೊಣಕಾಲು ಬಾತಾಗ ಅತ್ತಳಂತೆ. ಎರಡನೇ ವಾರ ಕುಂಟುತ್ತಲೇ ಹೋದಳಂತೆ. ಇದನ್ನೆಲ್ಲ ಅವಳು ಯಲ್ಲಕ್ಕನ ಮುಂದೆ ನಗುತ್ತ ಹೇಳುತ್ತಿದ್ದಳು. ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಎರಡು ವರ್ಷ ಮಂಗಳವಾರ ತಪ್ಪದೆ ಬಂದಳು. ಒಂದು ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಯಲ್ಲಕ್ಕ ಕಲಿತದ್ದು ಎರಡನೇ ಇಯತ್ತೆ. ತನ್ನ ಹೆಸರು ಬರೆಯಬಲ್ಲಳು, ಅಂಕಿ ಓದಬಲ್ಲಳು, ಉಳಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವ ಹೊತ್ತಿಗೆ ರೊಟ್ಟಿ ಸೀಯುತ್ತದೆ. ಆದರೆ ಕಿವಿ ಅವಳ ಬೆರಳಿನಲ್ಲಿತ್ತು. ಅವಳು ತನ್ನ ಕಿವಿಯನ್ನೇ ಹಿಡಿದು ತೋರಿಸುವಳು, ಭಾಗ್ಯಾ ಬರೆಯುವಳು, ಚಿತ್ರ ತೆಗೆಯುವಳು. ಆಮೇಲೆ ಆಯಾ ಮನೆಗೆ ಹೋಗಿ ಅಲ್ಲಿನ ಕುರಿಗಳ ಕಿವಿಯ ಫೋಟೋ ಹೊಡೆದುಕೊಂಡು ಬರುವಳು. ತಿಂಗಳು ಬಿಟ್ಟು ಅದೇ ಮನೆಯ ಗುರುತನ್ನು ಮತ್ತೆ ಕೇಳುವಳು, ಏನೂ ಗೊತ್ತಿಲ್ಲದವಳ ಹಾಗೆ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಂದು ಯಲ್ಲಕ್ಕನಿಗೆ ಮೂರನೇ ತಿಂಗಳಿಗೇ ತಿಳಿಯಿತು. ಸಿಟ್ಟು ಬರಲಿಲ್ಲ. ಇಷ್ಟು ಸೋಸಿ ನೋಡುವವರು ಈ ದಿನಗಳಲ್ಲಿ ಎಲ್ಲಿ ಸಿಗುತ್ತಾರೆ ಎಂದುಕೊಂಡಳು.

ಹೀಗೆ ಆದದ್ದು ಕಿವಿಪಟ್ಟಿ. ಅದನ್ನು ಭಾಗ್ಯಾ ಮೊಬೈಲಿನ ಮೂಲಕ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ತನ್ನ ಖಾತೆಯಲ್ಲಿ ಇಟ್ಟಳು. ಮನೆಯ ಹೆಸರು, ಗುರುತು, ಫೋಟೋ, ಫೋನ್ ನಂಬರು. ಯಾವ ಸಂತೆಯಲ್ಲಿ, ಯಾರ ಹಿಂಡಿನಲ್ಲಿ ಬೇರೆ ಕುರಿ ಕಂಡರೂ ಅವಳಿಗೆ ಫೋನ್ ಬರುತ್ತಿತ್ತು, ಅವಳು ಪಟ್ಟಿ ತೆರೆದು ಇಂಥವರದು ಎನ್ನುತ್ತಿದ್ದಳು. ಬೀರೇಶ್ವರನ ಗುಡಿಯ ಹಿರಿಯ ಶಿದ್ರಾಮಪ್ಪ ಮೊದಮೊದಲು ಗೊಣಗಿದ. ಮನೆಯ ಗುರುತು ಮನೆಯವರ ಬಾಯಲ್ಲಿರಬೇಕು, ಕಂಡಕಂಡಲ್ಲಿ ಬರೆದಿಡುವುದಲ್ಲ ಎಂದ. ಅವನದೇ ಕಳೆದ ಟಗರು ಬೀಳಗಿಯ ಹತ್ತಿರ ಸಿಕ್ಕ ಮೇಲೆ ಗೊಣಗುವುದನ್ನು ಬಿಟ್ಟ.

ಆಮೇಲೆ ಒಂದು ದಿನ ಭಾಗ್ಯಾಳ ಮೊಬೈಲಿಗೆ ಒಂದು ಸಂದೇಶ ಬಂತು. ನಿಮ್ಮ ಖಾತೆ ಇವತ್ತು ಬಂದ್ ಆಗುತ್ತದೆ, ಇಲ್ಲಿ ಒತ್ತಿರಿ ಎಂದು ಅದರಲ್ಲಿತ್ತು. ಒತ್ತಿದಳು. ದಿನಾ ಕಾಣುವ ಪುಟವೇ ಕಂಡಿತು, ಅದೇ ಬಣ್ಣ, ಅದೇ ಅಕ್ಷರ. ತನ್ನ ಗುಟ್ಟಿನ ಪದ ಹಾಕಿದಳು. ಫೋನಿಗೆ ಬಂದ ಆರು ಅಂಕಿಯನ್ನೂ ಹಾಕಿದಳು. ಅದು ಸುಳ್ಳು ಪುಟ. ಮರುದಿನ ಅವಳ ಖಾತೆ ಅವಳಿಗೇ ತೆರೆಯಲಿಲ್ಲ. ಹನ್ನೊಂದು ದಿನ ಅರ್ಜಿ ಹಾಕಿ ಹಾಕಿ ತಿರುಗಿ ಪಡೆದಾಗ ಒಳಗೆ ಯಾವುದೋ ಜೂಜಾಟದ ಜಾಹೀರಾತು ತುಂಬಿತ್ತು, ಅರ್ಧಕ್ಕಿಂತ ಹೆಚ್ಚು ಕಿವಿಗಳು ಅಳಿಸಿ ಹೋಗಿದ್ದವು. ಕದ್ದವನಿಗೆ ಕುರಿಯ ಗರಜೇ ಇರಲಿಲ್ಲ. ಇದು ಯಲ್ಲಕ್ಕನಿಗೆ ಬಹಳ ದಿನ ಅರ್ಥವಾಗಲಿಲ್ಲ. ಕುರಿ ಬೇಡದವನು ಕಿವಿ ಯಾಕೆ ಅಳಿಸಿದ?

ಆ ಬೇಸಿಗೆಯಲ್ಲಿ ಯಲ್ಲಕ್ಕ ಅಳಿಸಿದ ಅರವತ್ತೇಳು ಮನೆಗಳನ್ನು ಮತ್ತೆ ಹೇಳಿದಳು, ಭಾಗ್ಯಾ ಮತ್ತೆ ಬರೆದಳು, ಮತ್ತೆ ಬಿಸಿಲಲ್ಲಿ ತಿರುಗಿ ಫೋಟೋ ಹೊಡೆದಳು. ಮಾತು ಕಡಿಮೆಯಾಗಿತ್ತು. ಒಂದು ಮಂಗಳವಾರ ಚೀಲದಿಂದ ಒಂದು ಲಕೋಟೆ ತೆಗೆದು, ಅದರಲ್ಲಿದ್ದ ಎರಡು ಕರಿಯ ತುಂಡುಗಳನ್ನು ಚಾಪೆಯ ಮೇಲಿಟ್ಟಳು. ಒಂದೊಂದೂ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ನಡುವೆ ಬಂಗಾರದ ಬಣ್ಣದ ಗುಂಡು ಚುಕ್ಕೆ. ಇವು ಕೀಲಿಕೈ ಎಂದಳು.

ಯಲ್ಲಕ್ಕ ಕೈಯಲ್ಲಿ ತಿರುವಿ ನೋಡಿದಳು. ಹಲ್ಲಿಲ್ಲ, ಉಂಗುರವಿಲ್ಲ. ಭಾಗ್ಯಾ ಮಾಡಿ ತೋರಿಸಿದಳು. ಮೊದಲು ಗುಟ್ಟಿನ ಪದ, ಆಮೇಲೆ ಈ ತುಂಡನ್ನು ಮೊಬೈಲಿನ ಬಾಯಿಗೆ ಸಿಕ್ಕಿಸಬೇಕು, ದೀಪ ಮಿಣುಕಿದಾಗ ಚುಕ್ಕೆಯನ್ನು ಬೆರಳಿನಿಂದ ಮುಟ್ಟಬೇಕು. ಪದವೊಂದೇ ಗೊತ್ತಿದ್ದರೆ ತೆರೆಯುವುದಿಲ್ಲ, ತುಂಡೊಂದೇ ಇದ್ದರೂ ತೆರೆಯುವುದಿಲ್ಲ. ಯಾರಿಗೂ ಹೇಳುವಂಥ ಅಂಕಿ ಇದರಲ್ಲಿಲ್ಲ, ಹಾಗಾಗಿ ಯಾರೂ ಕೇಳಿ ಕಸಿದುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಸುಳ್ಳು ಪುಟ ಎಷ್ಟೇ ಖರೆ ಪುಟದಂತೆ ಕಂಡರೂ ಕೀಲಿಕೈಗೆ ಅದರ ಗುರುತು ಹತ್ತುವುದಿಲ್ಲ, ಅಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ.

ಯಲ್ಲಕ್ಕನಿಗೆ ಕುರಿಗಾರರ ಒಂದು ಉಪಾಯ ನೆನಪಾಯಿತು. ತಾಯಿ ಸತ್ತ ಮರಿಗೆ ಹಾಲು ಬೇಕಾದಾಗ, ಮರಿ ಸತ್ತ ಇನ್ನೊಂದು ಕುರಿಯ ಹತ್ತಿರ ಬಿಡುತ್ತಾರೆ. ಆ ಸತ್ತ ಮರಿಯ ಚರ್ಮವನ್ನು ಈ ಮರಿಗೆ ಹೊದಿಸುತ್ತಾರೆ. ತಾಯಿಕುರಿ ಮೂಸಿ ನೋಡಿ, ತನ್ನದೇ ಎಂದು ಹಾಲು ಬಿಡುತ್ತದೆ.

"ಚರ್ಮ ಹೊದಿಸಿದರ ತಾಯಿಕುರಿ ಸೈತ ಮೋಸ ಹೋಗತೈತಿ. ಇದು ಹೋಗಂಗಿಲ್ಲಂತಿ?"

"ನಾ ಮೋಸ ಹೋದ್ನಿ ಆಯಿ. ಇದು ಹೋಗಂಗಿಲ್ಲ. ಅದಕ್ಕಽ ತಂದೇನಿ."

ಎರಡು ಯಾಕೆ ಎಂಬುದನ್ನೂ ಹೇಳಿದಳು. ಒಂದು ಕಳೆದರೆ ಇನ್ನೊಂದು ಬೇಕು, ಇಲ್ಲದಿದ್ದರೆ ಒಡೆಯಳೇ ಹೊರಗೆ ನಿಲ್ಲಬೇಕಾಗುತ್ತದೆ. ಎರಡನ್ನೂ ಒಂದೇ ಮನೆಯಲ್ಲಿ ಇಡಬಾರದು. ಒಂದು ತನ್ನ ಚೀಲದಲ್ಲಿ, ಎರಡನೆಯದು ಯಲ್ಲಕ್ಕನ ಹತ್ತಿರ. ತಾನೇ ಬಂದು ಎದುರಿಗೆ ನಿಂತು ಕೇಳಿದ ಹೊರತು ಯಾರಿಗೂ ಕೊಡಬಾರದು. ತನ್ನ ಗಂಡ ಬಂದರೂ ಕೊಡಬಾರದು, ಫೋನಿನಲ್ಲಿ ತನ್ನದೇ ಧ್ವನಿ ಕೇಳಿದರೂ ಕೊಡಬಾರದು. ಯಲ್ಲಕ್ಕ ಇದನ್ನು ಮೂರು ಸಲ ಹೇಳಿಸಿಕೊಂಡು, ಮೂರನೇ ಸಲ ತಾನೇ ಹೇಳಿ ಒಪ್ಪಿಸಿದಳು.

ಒಂದು ಮಾತು ಮಾತ್ರ ಇಬ್ಬರ ಬಾಯಿಗೂ ಬರಲಿಲ್ಲ. ಎರಡು ಕೀಲಿಕೈಗಳೂ ಒಂದೇ ತೆರನಾಗಿದ್ದವು. ಎರಡು ವಾರದ ಮೇಲೆ ಭಾಗ್ಯಾ ಬಂದಾಗ ಇಬ್ಬರೂ ಅವನ್ನು ಚಾಪೆಯ ಮೇಲಿಟ್ಟು ನೋಡುತ್ತಿರುವಾಗ ಕೋಳಿಯೊಂದು ಹಾರಿ ಬಂದು, ಎರಡೂ ಬೆರೆತು, ಯಾವುದು ಯಾರದೆಂದು ಅರೆಗಳಿಗೆ ತಿಳಿಯಲಿಲ್ಲ. ಯಾವುದಾದರೂ ನಡೆಯುತ್ತದೆ ಎಂದು ಭಾಗ್ಯಾ ನಕ್ಕು ಒಂದನ್ನು ಎತ್ತಿಕೊಂಡಳು. ಯಲ್ಲಕ್ಕನಿಗೆ ಅದು ಸರಿ ಕಾಣಲಿಲ್ಲ. ಗುರುತಿಲ್ಲದ ಎರಡು ಜೀವ ಒಂದೆಡೆ ಸೇರಿದರೆ ಜಗಳ ತಪ್ಪಿದ್ದಲ್ಲ. ಭಾಗ್ಯಾ ಹೋದ ಮೇಲೆ ಗೂಡಿನಿಂದ ಮರಿಗಳ ಕಿವಿ ಕೊಯ್ಯುವ ಸಣ್ಣ ಚೂರಿ ತೆಗೆದಳು. ಕೀಲಿಕೈಯನ್ನು ಮಣೆಯ ಮೇಲಿಟ್ಟು, ಅದರ ಎಡ ಅಂಚಿಗೆ ಒಂದು ಕಚ್ಚು ಹಾಕಿದಳು, ತನ್ನ ಗಂಡನ ಮನೆಯ ಗುರುತು. ಮರಿಗೆ ಹಚ್ಚುವಂತೆಯೇ ಕಚ್ಚಿನ ಮೇಲೆ ಚಿಟಿಕೆ ಭಂಡಾರದ ಅರಿಸಿನ ಹಚ್ಚಿದಳು. ಉಣ್ಣೆಯ ನೂಲು ಸುತ್ತಿ, ಹೆಸರುಕಾಳಿನ ಡಬ್ಬಿಯಲ್ಲಿಟ್ಟಳು. ಭಾಗ್ಯಾಳಿಗೆ ಹೇಳಬೇಕೆಂದು ಅನ್ನಿಸಲೇ ಇಲ್ಲ. ಮನೆಗೆ ಬಂದದ್ದಕ್ಕೆ ಗುರುತು ಹಾಕಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಏಳು ತಿಂಗಳು ಕಳೆದವು. ಮುಂಗಾರಿ ಬೆಳೆ ಕೊಯ್ದ ಹೊಲಗಳಲ್ಲಿ ಹಿಂಡುಗಳು ಮೇಯುವ ಕಾಲ. ರನ್ನ ಬೆಳಗಲಿಯ ಹತ್ತಿರ ಎರಡು ಹಿಂಡು ಒಂದೇ ಹೊಲಕ್ಕೆ ಇಳಿದು ಬೆರೆತವು. ಒಂದು ಹೊರಗಿನಿಂದ ಮೇಯಿಸಲು ಬಂದ ಅಮಸಿದ್ದಪ್ಪನದು, ಇನ್ನೊಂದು ಬೆಳಗಲಿಯವನೇ ಆದ ದುರಗೇಶನದು. ಬೇರೆ ಮಾಡುವಾಗ ಹನ್ನೊಂದು ಕುರಿಗಳ ಮೇಲೆ ತಕರಾರು ಬಂತು. ಎರಡೂ ಮನೆಯವರು ಎಡಗಿವಿಯ ತುದಿ ಸೀಳುತ್ತಾರೆ. ಬಲಗಿವಿಗೆ ಅಮಸಿದ್ದಪ್ಪನ ಮನೆಯವರು ಎರಡು ಕಚ್ಚು ಹಾಕಿದರೆ ದುರಗೇಶನ ಮನೆಯವರು ಒಂದೇ ಕಚ್ಚು ಹಾಕುತ್ತಾರೆ. ಹನ್ನೊಂದರಲ್ಲೂ ಎರಡು ಕಚ್ಚು ಇದ್ದವು. ಆದರೆ ಎರಡನೆಯದು ಜಾಲಿಮುಳ್ಳಿಗೆ ಹರಿದದ್ದು ಎಂದು ದುರಗೇಶ ಹಟ ಹಿಡಿದ. ಅವನೇನೂ ಕಳ್ಳನಲ್ಲ. ಹಿಂದಿನ ಮಳೆಗಾಲದಲ್ಲಿ ಅವನ ಹಿಂಡಿನಿಂದ ಹತ್ತು ಹನ್ನೆರಡು ಕುರಿ ದಿಕ್ಕಾಪಾಲಾಗಿ ಹೋಗಿದ್ದವು. ಅವೇ ಇವು ಎಂದು ಅವನು ಮನಸಾರೆ ನಂಬಿದ್ದ. ಎಲ್ಲವೂ ಗಬ್ಬದ ಕುರಿಗಳು, ಮರಿ ಹಾಕಲು ತಿಂಗಳು ಉಳಿದಿತ್ತು. ಅಮಸಿದ್ದಪ್ಪನದು ಒಟ್ಟು ನಲವತ್ತರ ಹಿಂಡು, ಅದರಲ್ಲಿ ಹನ್ನೊಂದು ಗಬ್ಬದವು ಹೋದರೆ ಮುಂದಿನ ವರ್ಷ ಕೋಲು ಇಟ್ಟು ಕೂಡ್ರಬೇಕು.

ಯಲ್ಲಕ್ಕನನ್ನು ಕೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅಮಸಿದ್ದಪ್ಪ ಅವಳ ಅಣ್ಣನ ಮಗ. ಸೋದರತ್ತೆ ಅಳಿಯನ ಪರ ಹೇಳದೆ ಇನ್ನಾರ ಪರ ಹೇಳುತ್ತಾಳೆ ಎಂದು ದುರಗೇಶನ ಕಡೆಯವರು ಅಂದರು. ಅದು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಶಿದ್ರಾಮಪ್ಪ ತೀರ್ಮಾನ ಮಾಡಿದ, ಸೋಮವಾರ ಗುಡಿಯ ಅಂಗಳದಲ್ಲಿ ಭಾಗ್ಯಾ ಪಟ್ಟಿ ತೆರೆದು ಫೋಟೋ ತೋರಿಸಲಿ, ಫೋಟೋದಲ್ಲಿ ಎಷ್ಟು ಕಚ್ಚು ಇವೆಯೋ ಅದೇ ಖರೆ. ಪಟ್ಟಿ ಇಲ್ಲವೆಂದರೆ ಕುರಿಗಳು ಬೆಳಗಲಿಯಲ್ಲಿ ಸಿಕ್ಕಿದ್ದರಿಂದ ಬೆಳಗಲಿಯವನ ಹಿಂಡಿಗೆ.

ಗುರುವಾರ ಹೀಗೆ ತೀರ್ಮಾನವಾಯಿತು. ಶುಕ್ರವಾರ ಭಾಗ್ಯಾ ಹೊಳೆದಂಡೆಯ ಕೆಸರಿನಲ್ಲಿ ಸಿಕ್ಕ ಯಾರದೋ ಮರಿಯನ್ನು ಎಳೆಯಲು ಬಾಗಿದಳು. ಹೆಗಲ ಚೀಲ ಜಾರಿ ನೀರಿಗೆ ಬಿತ್ತು. ಮೊಬೈಲು, ಕೀಲಿಕೈ, ಔಷಧಿ ಎಲ್ಲ ಅದರಲ್ಲಿದ್ದವು. ಮರಿ ಮೇಲೆ ಬಂತು, ಚೀಲ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಅಂಗಡಿಯಿಂದ ಹಳೆಯ ಮೊಬೈಲೊಂದನ್ನು ತೆಗೆದುಕೊಂಡು, ತನ್ನದೇ ನಂಬರು ಹಾಕಿಸಿಕೊಂಡು, ಯಲ್ಲಕ್ಕನ ಮನೆಗೆ ಬಂದಳು. ಅಂಜಿರಲಿಲ್ಲ. ಇಂಥ ದಿನಕ್ಕೆಂದೇ ಎರಡನೆಯದು ಇದೆಯಲ್ಲ ಎಂದು ಚಹಾ ಕುಡಿಯುತ್ತ ಹೇಳಿದಳು. ಯಲ್ಲಕ್ಕ ಡಬ್ಬಿ ತಂದು, ಕಾಳು ಸರಿಸಿ, ತೆಗೆದು ಕೊಟ್ಟಳು. ಭಾಗ್ಯಾ ನೂಲು ಬಿಚ್ಚದೆಯೇ ತುದಿಯನ್ನು ಮೊಬೈಲಿಗೆ ಸಿಕ್ಕಿಸಿದಳು. ದೀಪ ಮಿಣುಕಲಿಲ್ಲ. ತೆಗೆದು ಒರೆಸಿ ಮತ್ತೆ ಸಿಕ್ಕಿಸಿದಳು. ಮಿಣುಕಲಿಲ್ಲ. ಆಗ ನೂಲು ಬಿಚ್ಚಿದಳು. ಹಳದಿ ಪುಡಿ ಅವಳ ಮಡಿಲಿಗೆ ಉದುರಿತು. ಎಡ ಅಂಚಿನ ಕಚ್ಚು ಕಂಡಿತು.

ಅವಳು ಕೇಳುವ ಮೊದಲೇ ಯಲ್ಲಕ್ಕ ಹೇಳಿದಳು.

"ನಾನಽ ಕೊಯ್ದೇನಿ. ಎರಡೂ ಒಂದಽ ನಮೂನಿ ಇದ್ದುವು. ಬೆರೀಬಾರದಂತ ನಮ್ಮ ಮನೀ ಗುರ್ತ ಹಾಕೇನಿ."

ಭಾಗ್ಯಾ ಕಚ್ಚಿನ ಮೇಲೆ ಉಗುರು ಆಡಿಸಿ ನೋಡಿದಳು. ಕೀಲಿಕೈಯನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. ಯಲ್ಲಕ್ಕ ಬೈಗುಳಕ್ಕೆ ಕಾಯುತ್ತ ನಿಂತಳು. ಅರವತ್ತೆಂಟು ವರ್ಷದಲ್ಲಿ ತಾನು ಕೊಯ್ದ ಕಿವಿ ಯಾವುದೂ ಕೆಟ್ಟಿರಲಿಲ್ಲ. ಮೊದಲ ಸಲ ಕೆಟ್ಟದ್ದೇ ಅಣ್ಣನ ಮಗನ ಹಿಂಡಿನ ಮೇಲೆ ಬಂದು ಕೂತಿತ್ತು. ಅದಕ್ಕಿಂತ ಹೆಚ್ಚಿನದೂ ಒಂದಿತ್ತು. ಬೇಕಾದ ದಿನ ತೆರೆಯದ ಪಟ್ಟಿಯನ್ನು ಇನ್ನು ಯಾರು ಕೇಳುತ್ತಾರೆ? ಆ ಹುಡುಗಿಯ ನಾಲ್ಕು ವರ್ಷದ ಓಡಾಟ, ತನ್ನ ನೂರಾ ಹದಿನೆಂಟು ಮನೆ, ಎಲ್ಲ ಅಲ್ಲಿಗೇ ಮುಗಿಯಿತು.

ಕೊನೆಗೆ ಭಾಗ್ಯಾ ತಲೆ ಎತ್ತಿದಳು.

"ಯಾರಿಗೂ ಕೊಡಬಾರದಂತ ಮೂರು ಸಲ ಹೇಳೇನಿ. ಕೊಯ್ಯಬಾರದಂತ ಒಂದ ಸಲಾನೂ ಹೇಳಿಲ್ಲ. ತಪ್ಪ ನಂದೂ ಐತಿ. ಸೀರಿ ಬದಲಿಸ್ರಿ ಆಯಿ, ಬನಹಟ್ಟಿಗಿ ಹೋಗೂನು."

ಬನಹಟ್ಟಿಯಲ್ಲಿ ಮಗ್ಗಗಳಿವೆ. ಈಗಿನ ಮಗ್ಗಗಳ ಡಿಸೈನನ್ನು ನಡೆಸುವುದು ಕಂಪ್ಯೂಟರಿನ ಹಲಗೆಗಳು. ಅವು ಕೆಟ್ಟರೆ ರಿಪೇರಿ ಮಾಡುವ ನಾಮದೇವನ ಹೆಸರನ್ನು ಭಾಗ್ಯಾ ತನ್ನ ತವರಿನಲ್ಲಿ ಕೇಳಿದ್ದಳು. ಬೀಳಗಿಗೆ ಒಂದು ಬಸ್ಸು, ಅಲ್ಲಿಂದ ಜಮಖಂಡಿಗೆ ಒಂದು, ಅಲ್ಲಿಂದ ಬನಹಟ್ಟಿಗೆ ಒಂದು. ಮೂರು ಬಸ್ಸಿನಲ್ಲೂ ಯಲ್ಲಕ್ಕ ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದಳು. ಓಣಿ ತುಂಬ ಮಗ್ಗದ ಸಪ್ಪಳ, ಒಬ್ಬರ ಮಾತು ಒಬ್ಬರಿಗೆ ಕೇಳದು. ನಾಮದೇವ ಐವತ್ತರ ಆಸುಪಾಸಿನ ಮನುಷ್ಯ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದ. ಕೀಲಿಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದ. ಮೂಸಿ ನೋಡಿದ. ಆಮೇಲೆ ಯಲ್ಲಕ್ಕನ ಹೆಗಲ ಮೇಲಿನ ಕಂಬಳಿಯನ್ನು ನೋಡಿದ.

"ಇದಕ್ಕೂ ಕಿವಿ ಕೊಯ್ದೀರೇನ ಆಯಿ? ಭಂಡಾರ ಬ್ಯಾರೆ ಹಚ್ಚೀರಿ. ಗಾಯ ಮಾಯ್ದಂಗ ಕಾಣಸೂದಿಲ್ಲಲ್ಲ."

ಭಾಗ್ಯಾ ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಲ್ಲಕ್ಕ ನಗಲಿಲ್ಲ. ಮಾಯುತ್ತದೆಯೋ ಇಲ್ಲವೋ ಅಷ್ಟನ್ನು ಹೇಳು ಎಂದಳು.

ನಾಮದೇವ ನಗೆ ಬಿಟ್ಟು ಕೆಲಸಕ್ಕೆ ಕುಳಿತ. ಕಚ್ಚಿನ ಸುತ್ತಲಿನ ಪ್ಲಾಸ್ಟಿಕ್ಕನ್ನು ಎಳ್ಳು ಎಳ್ಳಿನಷ್ಟೇ ಕೆರೆದು ತೆಗೆದ. ಒಳಗೆ ಕೂದಲಿನಂಥ ತಾಮ್ರದ ಗೆರೆಗಳು, ಅದರಲ್ಲಿ ಒಂದು ಕಡಿದಿತ್ತು. ಒಂದೇ ಒಂದು. ಇನ್ನು ಅಕ್ಕಿಕಾಳಿನಷ್ಟು ಒಳಗೆ ಹೋಗಿದ್ದರೆ ಯಾರಿಂದಲೂ ಆಗುತ್ತಿರಲಿಲ್ಲ ಎಂದ. ನಿಮ್ಮ ಕೈ ಹದ ಬಲ್ಲ ಕೈ ಎಂದೂ ಅಂದ. ಅದು ಹೊಗಳಿಕೆಯೋ ಅಲ್ಲವೋ ಯಲ್ಲಕ್ಕನಿಗೆ ತಿಳಿಯಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕುಳಿತವನು ಊಟಕ್ಕೂ ಏಳದೆ, ಕಡಿದ ಎರಡು ತುದಿಗಳ ನಡುವೆ ತಂತಿಯ ಎಳೆಯನ್ನಿಟ್ಟು ಬೆಸೆದ. ಮೊದಲ ಬೆಸುಗೆ ಬಿಟ್ಟಿತು. ಎರಡನೆಯದು ನಿಂತಿತು, ಆದರೆ ಚಿಮಟಿಗೆಯಿಂದ ಒತ್ತಿ ಹಿಡಿದರೆ ಮಾತ್ರ.

ಹೀಗಾಗಿ ಮೂವರೂ ಬೇಕಾದರು. ಭಾಗ್ಯಾ ಎರಡೂ ಕೈಯಲ್ಲಿ ಮೊಬೈಲನ್ನು ಅಲುಗದಂತೆ ಹಿಡಿದಳು. ನಾಮದೇವ ಚಿಮಟಿಗೆಯಿಂದ ತಂತಿಯನ್ನು ಒತ್ತಿ ಹಿಡಿದ. ದೀಪ ಮಿಣುಕಿತು. ಚುಕ್ಕೆಯನ್ನು ಮುಟ್ಟಲು ಉಳಿದ ಕೈ ಯಲ್ಲಕ್ಕನದು. ಯಾರ ಬೆರಳಾದರೂ ನಡೆಯುತ್ತದೆ ಎಂದು ಭಾಗ್ಯಾ ಹೇಳಿದಳು. ಯಲ್ಲಕ್ಕ ಮುಟ್ಟಿದಳು, ಏನೂ ಆಗಲಿಲ್ಲ. ಐವತ್ತು ವರ್ಷ ಹಗ್ಗ ಎಳೆದ ಬೆರಳು, ತೊಗಲು ಒಣಗಿ ಕೊರಡಾಗಿತ್ತು. ನಾಮದೇವ ಬೆರಳು ಒದ್ದೆ ಮಾಡಿಕೊಳ್ಳಲು ಹೇಳಿದ. ಅವಳು ತುಟಿಗೆ ತಾಗಿಸಿ, ಸೆರಗಿಗೆ ಅರ್ಧ ಒರೆಸಿ, ಮರಿಯ ಮೂಗು ಮುಟ್ಟುವಷ್ಟು ಹಗುರಾಗಿ ಮತ್ತೆ ಮುಟ್ಟಿದಳು.

ಪಟ್ಟಿ ತೆರೆಯಿತು. ಮೊದಲು ಕಂಡದ್ದು ಗಿರಿಮಲ್ಲಪ್ಪನ ಮನೆಯ ತೂತುಗಿವಿ.

ನಾಮದೇವ ಹೇಳಿದ್ದರಿಂದ, ಖಾತೆ ತೆರೆದಿರುವಾಗಲೇ ಆಪತ್ತಿಗೆಂದು ಅದು ಕೊಡುವ ಹತ್ತು ಗುಟ್ಟಿನ ಸಂಖ್ಯೆಗಳನ್ನು ಭಾಗ್ಯಾ ಕಾಗದಕ್ಕೆ ಬರೆದುಕೊಂಡಳು. ಕೀಲಿಕೈ ಇಲ್ಲದಿದ್ದರೆ ಒಂದೊಂದು ಸಂಖ್ಯೆಯಿಂದ ಒಂದೊಂದು ಸಲ ಒಳಗೆ ಹೋಗಬಹುದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ಅವನು ಬೈದ. ಬೈಸಿಕೊಂಡಳು. ಚಿಮಟಿಗೆ ಬಿಟ್ಟ ಮೇಲೆ ಆ ಕೀಲಿಕೈ ಮತ್ತೆ ಮಿಣುಕಲಿಲ್ಲ.

ಸೋಮವಾರ ಶಿದ್ರಾಮಪ್ಪ ಮೊಬೈಲನ್ನು ತಾನು ನೋಡುವ ಮೊದಲು ದುರಗೇಶನ ಕೈಗೆ ಕೊಡಿಸಿದ. ಎರಡು ವರ್ಷದ ಹಿಂದಿನ ಫೋಟೋಗಳು. ದುರಗೇಶ ಒಂದೊಂದು ಕುರಿಯನ್ನೂ ಎಳೆಸಿ, ಕಣ್ಣ ಸುತ್ತಲಿನ ಬಿಳಿ, ಮೂಗಿನ ಮೇಲಿನ ಕರಿ ಎಲ್ಲ ಹೋಲಿಸಿ ನೋಡಿದ. ಅವಸರ ಮಾಡಲಿಲ್ಲ, ಯಾರೂ ಅವಸರಪಡಿಸಲಿಲ್ಲ. ಒಂಬತ್ತು ಕುರಿಗಳು ಫೋಟೋದಲ್ಲಿದ್ದವು, ಒಂಬತ್ತಕ್ಕೂ ಎರಡೆರಡು ಕಚ್ಚು. ಅವನು ಮೊಬೈಲನ್ನು ಭಾಗ್ಯಾಳಿಗೆ ಹಿಂದಿರುಗಿಸಿ, ನನ್ನವು ಹೊಳೆಪಾಲಾಗಿರಬೇಕು ಬಿಡ್ರಿ ಎಂದ. ಉಳಿದ ಎರಡು ಫೋಟೋದ ನಂತರ ಹುಟ್ಟಿದವು, ಪಟ್ಟಿಯಲ್ಲಿ ಇರಲಿಲ್ಲ. ಅವನ್ನು ಶಿದ್ರಾಮಪ್ಪ ದುರಗೇಶನಿಗೆ ಬಿಟ್ಟ. ಅವೂ ಅಮಸಿದ್ದಪ್ಪನವೇ ಎಂದು ಯಲ್ಲಕ್ಕನ ಬೆರಳಿಗೆ ಗೊತ್ತಿತ್ತು. ಅಮಸಿದ್ದಪ್ಪ ಅತ್ತೆಯ ಮುಖ ನೋಡಿದ. ಅವಳು ಬಾಯಿ ತೆರೆಯಲಿಲ್ಲ. ತನ್ನ ಮಾತು ನಡೆಯುವುದಿಲ್ಲವೆಂದು ಒಪ್ಪಿದ ಮೇಲೆ ಎರಡು ಕುರಿಗಾಗಿ ನಡೆಸಬಾರದು. ಅವನು ಅವಳೊಂದಿಗೆ ಒಂದು ತಿಂಗಳು ಮಾತು ಬಿಟ್ಟ.

ಹೊಸ ಕೀಲಿಕೈಗಳು ಬಂದವು, ಈ ಸಲ ಒಂದು ಕರಿಯದು, ಒಂದು ನೀಲಿಯದು. ನೀಲಿಯದನ್ನು ದೇವರ ಪೆಟ್ಟಿಗೆಯಲ್ಲಿಡಿ ಎಂದು ಹಿರಿಯರು ಅಂದರು. ತನ್ನ ಹತ್ತಿರ ಬೇಡವೆಂದು ಯಲ್ಲಕ್ಕನೂ ಅಂದಳು. ಭಾಗ್ಯಾ ಯಾರ ಮಾತನ್ನೂ ಕೇಳದೆ ಅದನ್ನು ಯಲ್ಲಕ್ಕನ ಕೈಗೇ ಹಾಕಿದಳು. ಒಮ್ಮೆ ಕೆಡಿಸಿದವರಷ್ಟು ಜೋಪಾನ ಮಾಡುವವರು ಇನ್ನಾರೂ ಇಲ್ಲ ಎಂದಳು.

ಆಮೇಲೆ ಒಂದೂವರೆ ವರ್ಷ ಎಲ್ಲ ಸುಸೂತ್ರ ನಡೆಯಿತು. ಪಟ್ಟಿ ನೂರಾ ನಲವತ್ತು ಮನೆಗೆ ಬೆಳೆಯಿತು, ಭಾಗ್ಯಾಳಿಗೆ ಟಗರಿನ ಅಂಜಿಕೆಯೂ ಹೋಯಿತು. ಪ್ರತಿ ಅಮಾವಾಸ್ಯೆಗೆ ಅವಳು ನೀಲಿ ಕೀಲಿಕೈಯನ್ನು ಸಿಕ್ಕಿಸಿ, ದೀಪ ಮಿಣುಕುತ್ತದೆಯೇ ಎಂದು ನೋಡಿ ಹೋಗುತ್ತಿದ್ದಳು.

ಕಳೆದ ಮಂಗಳವಾರ ಬಂದವಳು ಒಬ್ಬಳೇ ಬಂದಿರಲಿಲ್ಲ. ಜತೆಗೆ ಅನಗವಾಡಿಯ ಪೋಸ್ಟಿನಲ್ಲಿ ಕೆಲಸ ಮಾಡುವ ರಾಜಶ್ರೀ ಇದ್ದಳು. ಭಾಗ್ಯಾ ಚಹಾ ಬೇಡವೆಂದು ನೇರ ವಿಷಯಕ್ಕೆ ಬಂದಳು. ತನ್ನ ಮೈದುನ ಕುರಿ ವ್ಯಾಪಾರ ಶುರು ಮಾಡಿದ್ದಾನೆ. ಸಂತೆಯಲ್ಲಿ ಕೊಂಡು ಸಂತೆಯಲ್ಲಿ ಮಾರುವುದು. ಒಳ್ಳೆಯವನೇ, ಮೋಸದವನಲ್ಲ. ಆದರೆ ಕುರಿ ಮಾರುವವರ ಮನೆಯಲ್ಲಿ ಕಿವಿಪಟ್ಟಿಯ ಕೀಲಿಕೈ ಇರಬಾರದು. ಇವತ್ತಲ್ಲದಿದ್ದರೆ ನಾಳೆ ಅವನು ಒಂದು ಗುರುತು ತಿದ್ದಿಕೊಡು ಎಂದು ಕೇಳುತ್ತಾನೆ, ತಾನು ಇಲ್ಲವೆನ್ನಬೇಕಾಗುತ್ತದೆ, ಮನೆ ಒಡೆಯುತ್ತದೆ. ಇಲ್ಲವೆನ್ನಲಾರದೆ ಹೋದರೆ ಪಟ್ಟಿ ಒಡೆಯುತ್ತದೆ. ಗುಡಿಯ ಹಿರಿಯರು ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಬಹಳ ದಿನ ತಾನೇ ಯೋಚಿಸಿ ತೀರ್ಮಾನ ಮಾಡಿದ್ದಳು. ಔಷಧಿ ಕುಡಿಸಲು ಬರುತ್ತಾಳೆ, ಪಟ್ಟಿ ಮಾತ್ರ ಇನ್ನು ರಾಜಶ್ರೀಯದು.

ರಾಜಶ್ರೀ ಅಲ್ಲೇ ಜಗಲಿಯ ಮೇಲೆ ಕುಳಿತು, ಯಾರಿಗೂ ಕಾಣದಂತೆ ಹೊಸ ಗುಟ್ಟಿನ ಪದ ಹಾಕಿದಳು. ಭಾಗ್ಯಾ ಮುಖವನ್ನು ಆಚೆ ತಿರುಗಿಸಿಕೊಂಡಿದ್ದಳು. ಕರಿಯ ಕೀಲಿಕೈಯನ್ನು ರಾಜಶ್ರೀಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಹಳೆಯ ಸಂಖ್ಯೆಗಳ ಕಾಗದವನ್ನು ಒಲೆಗೆ ಹಾಕಿದಳು. ಅದು ಉರಿದು ಮುಗಿಯುವವರೆಗೂ ನೋಡಿದಳು. ನೀಲಿಯದು ಮಾತ್ರ ಇದ್ದಲ್ಲೇ ಇರಲಿ ಎಂದಳು.

ಸ್ಕೂಟಿಯ ಹತ್ತಿರ ಹೋದವಳು ಮತ್ತೆ ತಿರುಗಿ ಬಂದಳು. ಯಲ್ಲಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಭಾಗ್ಯಾ ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಆಯಿ, ನಾಳಿ ನಾನಽ ಬಂದು ಇಲ್ಲಿ ನಿಂತು ಕೀಲಿಕೈ ಕೊಡ್ರಿ ಅಂದರ, ನನಗೂ ಕೊಡಂಗಿಲ್ಲಲ್ಲರಿ?"